ಒಂದು ಹಿಡಿ ಕೊಳೆ

ನೀರಗಿಡದಿಂದ ಕಳಚಿದ ಎಲೆಯೊಂದು ತೇಲುತ್ತ ಕೆಳಗಿಳಿಯಿತು. ತಳ ಮುಟ್ಟುವ ಮೊದಲೇ ಅದರ ಅಂಚು ಕರಗಿತು, ನರ ಕರಗಿತು, ಎಲೆಯೇ ಇಲ್ಲವಾಯಿತು. ಮೀನಿನ ತೊಟ್ಟಿಯ ಗಾಜಿಗೆ ಅಂಟಿಸಿದ್ದ ಅಂಗೈಯಗಲದ ಬಿಲ್ಲೆ ಸದ್ದಿಲ್ಲದೆ ಕೆಲಸ ಮಾಡುತ್ತಿತ್ತು. ದಿನವಿಡೀ ಟೈರ್ ಅಂಗಡಿಯಲ್ಲಿ ಮೈಕೈ ಕಪ್ಪು ಮಾಡಿಕೊಳ್ಳುವ ಫಕೀರೇಶನಿಗೆ ಇದನ್ನು ಎಷ್ಟು ನೋಡಿದರೂ ಸಾಲದು.

"ಏನ್ರಿ, ಮೀನ ಗಾಳ್ಯಾಗ ಈಜಾಡಿದಂಗ ಕಾಣ್ತೈತಿ," ಎಂದಳು ಹೆಂಡತಿ ನೀಲಾಂಬಿಕೆ.

ಧಾರವಾಡದ ಆ ಮನೆಯಲ್ಲಿ ಗೋಡೆಯುದ್ದಕ್ಕೂ ಇದ್ದ ತೊಟ್ಟಿ ಬರೀ ಶೋಕಿಯದಲ್ಲ. ಕಾಡಿನ ಹಳ್ಳವೊಂದು ಬತ್ತಿದಾಗ ಅಲ್ಲಿನ ಕುಂಕುಮ ಬಣ್ಣದ ರೆಕ್ಕೆಯ ಮೀನುಗಳಲ್ಲಿ ಬದುಕುಳಿದ ಹನ್ನೊಂದನ್ನು ಮೀನು ಸಾಕುವವರ ಸಂಘ ಇವನ ಕೈಗೊಪ್ಪಿಸಿತ್ತು. ಆ ಜಾತಿ ಭೂಮಿಯ ಮೇಲೆ ಇದ್ದದ್ದು ಈ ತೊಟ್ಟಿಯಲ್ಲಿ ಮಾತ್ರ. ಅವು ಮರಿ ಮಾಡಲೆಂಬುದೊಂದೇ ಫಕೀರೇಶನ ಹಂಬಲ.

ಹಳೆಯ ಫಿಲ್ಟರು ಗೊರಗೊರ ಎನ್ನುತ್ತಿತ್ತು, ಅದರ ಸ್ಪಂಜು ನಾರುತ್ತಿತ್ತು. ಬದಲಿಸಲೇಬೇಕಾದಾಗ ಅವನ ಮುಂದಿದ್ದದ್ದು ಎರಡು ದಾರಿ: ಅಂಥದೇ ಇನ್ನೊಂದು ದೊಡ್ಡ ಫಿಲ್ಟರು, ಇಲ್ಲವೇ ಅದೇ ಓಣಿಯ ವಿಜ್ಞಾನಿ ಡಾ. ಮುಕ್ತಾ ಸವದತ್ತಿಯವರು ಕಂಡುಹಿಡಿದ ಬಿಲ್ಲೆ. ಬಿಲ್ಲೆಯಿಂದ ಹೊರಡುವ ಜೀವಕಣಗಳು, ಕಣ್ಣಿಗೆ ಕಾಣದಷ್ಟು ಸಣ್ಣವು, ನೀರಿನೊಳಗಿನ ಕೊಳೆಯನ್ನು ಹುಡುಕಿ ಹುಡುಕಿ ತಿನ್ನುತ್ತಿದ್ದವು. ಯಾವುದು ಕೊಳೆ ಎಂಬುದನ್ನು ಮೊದಲ ವಾರ ಮನೆಯವರೇ ಗಾಜಿನ ಮೇಲೆ ಬೆರಳಿಟ್ಟು ಕಲಿಸಬೇಕು. ಊರಿಗೆ ಊರೇ ಹಾಕಿಸಿಕೊಳ್ಳುತ್ತಿತ್ತು. ಫಕೀರೇಶನೂ ಹಾಕಿಸಿದ.

ಹಬ್ಬ ಬಂತೆಂದರೆ ಮನೆಯ ಪಾತ್ರೆಪಗಡವನ್ನೆಲ್ಲ ಹೊರಗೆಳೆದು ತಿಕ್ಕುವ ಹೆಂಗಸು ನೀಲಾಂಬಿಕೆ. ಆ ವಾರ ಅವಳು ತೋರಿಸಿದ್ದಕ್ಕೆಲ್ಲ ಇವನು ಬೆರಳಿಟ್ಟ. ಪಾಚಿ, ಹಿಕ್ಕೆ, ಕೊಳೆತ ಎಲೆ. ಬಸವನಹುಳು ಗಾಜಿಗೆ ಅಂಟಿಸಿದ್ದ ಲೋಳೆ ಮೊಟ್ಟೆ ಕಂಡಾಗಂತೂ ಅವಳು ಮುಖ ಕಿವಿಚಿದಳು. "ಛೀ, ಅದನ್ನೂ ತೋರಸ್ರಿ." ತೋರಿಸಿದ. ಆಮೇಲೆ ಹಳೆಯ ಸ್ಪಂಜನ್ನು ಅವಳು ಕುದಿಯುವ ನೀರಿನಲ್ಲಿ ತೊಳೆದು ಬಿಸಿಲಿಗೆ ಹಾಕಿದಳು.

ಮೂರು ತಿಂಗಳ ನಂತರ ಒಂದು ಬೆಳಗ್ಗೆ ಕಲ್ಲಿನ ಮಗ್ಗುಲಲ್ಲಿ ಸಾಸಿವೆಯಂಥ ಮೊಟ್ಟೆಗಳು ಕಂಡವು. ಫಕೀರೇಶ ಹಿಗ್ಗಿ ಹೀರೇಕಾಯಿಯಾದ. ಅಂಗಡಿಯಿಂದ ಬರುವಷ್ಟರಲ್ಲಿ ಒಂದೂ ಇರಲಿಲ್ಲ. ಮೀನುಗಳೇ ನುಂಗಿರಬೇಕೆಂದು ಸಮಾಧಾನ ಮಾಡಿಕೊಂಡ. ಎರಡನೆಯ ಸಲ ಮೊಟ್ಟೆಯಿಟ್ಟಾಗ ಅಂಗಡಿಗೆ ಹೋಗದೆ ಅಲ್ಲೇ ಕಾದು ಕುಳಿತ. ಮೀನು ಹತ್ತಿರ ಸುಳಿಯಲಿಲ್ಲ. ಮೊಟ್ಟೆಗಳು ಒಂದೊಂದಾಗಿ ಇದ್ದಲ್ಲೇ ಕರಗಿಹೋದವು.

ಕರೆದ ಕೂಡಲೇ ಬಂದ ಮುಕ್ತಾ ತೊಟ್ಟಿಯನ್ನು ಬಹಳ ಹೊತ್ತು ನೋಡಿದರು.

"ಬಿಲ್ಲಿಗಳೆಲ್ಲಾ ಒಂದಕ್ಕೊಂದು ಕೂಡ್ಯಾವ, ಒಂದ ಮನಿಯವರು ಕಲಿಸಿದ್ದು ಎಲ್ಲಾ ಮನಿಗೂ ಹೋಗ್ತೈತಿ, ಅಣ್ಣಾರ. ಲೋಳಿ ಮೊಟ್ಟಿ ಹೊಲಸು ಅಂತ ನೀವೊಬ್ರ ಅಲ್ಲ, ಸಾವಿರಾರು ಮಂದಿ ಹೇಳ್ಯಾರ. ಅದನ್ನ ಮರಸೋದು ನನ್ನ ಕೈಯಾಗೂ ಇಲ್ಲ. ಮೊಟ್ಟಿ ತಗದು ಬ್ಯಾರೆ ನೀರಾಗ ಇಟ್ರೂ ಮೈಗೆ ಹತ್ತಿದ ಕಣ ಬಿಡೂದಿಲ್ಲ."

"ಹಂಗಾದ್ರ ಕಿತ್ತ ಒಗಿತೀನ್ರಿ."

"ಕಿತ್ರ ಕಣ ಸಾಯ್ತಾವ, ಖರೆ. ಆದ್ರ ಮೀನೂ ಉಳಿಯೂದಿಲ್ಲ. ಅವುಗಳ ಉಚ್ಚಿನೇ ನೀರಾಗ ವಿಷ ಆಗತೈತಿ. ಮೊದಲ ಅದನ್ನ ಅರಗಿಸ್ತಿದ್ದದ್ದು ಸ್ಪಂಜಿನ ಜಿಡ್ಡಿನಾಗಿದ್ದ ಬ್ಯಾಕ್ಟೀರಿಯಾ. ಅವು ಮತ್ತ ತಾವಾಗೇ ಬೆಳಿಲಿಕ್ಕೆ ತಿಂಗಳಗಟ್ಲೆ ಬೇಕು." ಮುಕ್ತಾ ದನಿ ತಗ್ಗಿಸಿದರು. "ಯಾರದರೆ ತೊಟ್ಟ್ಯಾಗಿನ ಹೊಲಸ ಸ್ಪಂಜು ತಂದು ಇದರಾಗ ಹಿಂಡಿದ್ರ ಬದುಕ್ಯಾವು. ಒಂದ ಹಿಡಿ ಕೊಳಿ ಸಾಕು."

ಫಕೀರೇಶ ಸಂಘದವರಿಗೆಲ್ಲ ಫೋನು ಮಾಡಿದ. ಕೆಲವರು ನಕ್ಕರು, ಕೆಲವರಿಗೆ ಸಿಟ್ಟೇ ಬಂತು. "ನಮ್ಮ ಮನ್ಯಾಗ ಅಂಥಾ ಹೊಲಸು ಯಾಕ ಇರ್ತೈತ್ರಿ?" ಮುಕ್ತಾರ ಮನೆಯಲ್ಲೂ ಇರಲಿಲ್ಲ, ಎಲ್ಲರಿಗಿಂತ ಮೊದಲು ಬಿಲ್ಲೆ ಹಾಕಿಕೊಂಡವರೇ ಅವರು.

ಕೊನೆಗೆ ಬಕೀಟು ಹಿಡಿದು ಊರ ಕೆರೆಗೆ ಓಡಿದ. ಹೋದ ವರ್ಷವೇ ಕೆರೆಗೂ ದೊಡ್ಡ ಬಿಲ್ಲೆಗಳನ್ನು ಇಳಿಸಿದ್ದರೆಂಬುದು ದಂಡೆಗೆ ಹೋದ ಮೇಲೆ ನೆನಪಾಯಿತು. ನಲ್ಲಿಗೆ ಬರುವುದೂ ಇದೇ ನೀರು. ನಡುಗೆರೆಯ ತಳದ ಕಲ್ಲುಗಳೂ ಲೆಕ್ಕಕ್ಕೆ ಸಿಗುತ್ತಿದ್ದವು. ಕಪ್ಪೆಯಿಲ್ಲ, ಸೊಳ್ಳೆಯಿಲ್ಲ, ಬಕಪಕ್ಷಿಯಿಲ್ಲ. ಮೊಣಕಾಲು ನೀರಿಗಿಳಿದು ಬೊಗಸೆ ತುಂಬ ಕೆಸರು ಎತ್ತಿದ. ಬಂದದ್ದು ತೊಳೆದಿಟ್ಟ ಬಿಳಿ ಮರಳು. ಮೂಸಿದರೆ ಯಾವ ವಾಸನೆಯೂ ಇರಲಿಲ್ಲ. ದಂಡೆಯ ಮೇಲೆ ಕುಟುಂಬಗಳು ನಗುನಗುತ್ತ ಫೋಟೋ ತೆಗೆಸಿಕೊಳ್ಳುತ್ತಿದ್ದವು. ಅಷ್ಟು ಜನರ ನಡುವೆ ಅವನಿಗೆ ಭಯವಾಯಿತು.

ಬಿಲ್ಲೆಯನ್ನು ಅವನು ಕೀಳಲಿಲ್ಲ. ಇರುವ ಜೀವಗಳನ್ನು ಕೈಯಾರೆ ಕೊಲ್ಲಲು ಮನಸ್ಸಾಗಲಿಲ್ಲ. ಆ ಹನ್ನೊಂದು ಮೀನುಗಳು ರೋಗರುಜಿನವಿಲ್ಲದೆ ಮುಪ್ಪಾಗುತ್ತಿವೆ, ಈಗಲೂ ಆಗಾಗ ಕಲ್ಲಿನ ಮಗ್ಗುಲಿಗೆ ಮೊಟ್ಟೆಯಿಡುತ್ತವೆ. ಫಕೀರೇಶ ಆ ಹೊತ್ತಿಗೆ ಎದ್ದು ಅಂಗಡಿಗೆ ಹೋಗಿಬಿಡುತ್ತಾನೆ. ಮನೆಗೆ ಬಂದವರು ಮೀನನ್ನು ನೋಡುವ ಮೊದಲು ನೀರನ್ನು ಹೊಗಳುತ್ತಾರೆ.