ಮಗ್ಗ ನಿಲ್ಲಿಸಿದವನು

ಬಸವಪ್ರಭು ಗರಗದ ರಜನಿಯ ಮನೆಗೆ ಬಂದಾಗಲೆಲ್ಲ ಮೊದಲ ಮಾತು ಅದೇ. "ಸ್ವಲ್ಪ ಮಗ್ಗ ನಿಲ್ಲಸ್ರಿ."

"ಯಾಕ್ರಿ? ನೇಯೋವಾಗ ನನ್ನ ಮಾರಿ ಛಲೋ ಕಾಣಂಗಿಲ್ಲೇನು?" ಎಂದು ರಜನಿ ಓರೆಗಣ್ಣಿನಲ್ಲಿ ನೋಡಿ ಛೇಡಿಸುತ್ತಿದ್ದಳು. ಅವನು ಮುಖ ತಿರುಗಿಸುತ್ತಿದ್ದ. ನಾಚಿಕೆ ಇರಬೇಕು ಎಂದುಕೊಂಡು ಆ ಹುಚ್ಚಿ ಖುಷಿಯಿಂದ ಲಾಳಿ ಕೆಳಗಿಡುತ್ತಿದ್ದಳು.

ಬಸವಪ್ರಭು ಮಾಳಮಡ್ಡಿಯ ಹುಡುಗ. ಹದಿನಾಲ್ಕು ವರ್ಷ ನೌಕಾಸೇನೆಯಲ್ಲಿ ಕೊಚ್ಚಿ, ವಿಶಾಖಪಟ್ಟಣ, ಕಾರವಾರ ಸುತ್ತಿ ಕಮಾಂಡರ್ ಆದವನು. ಹಡಗಿಗೆ ಬೆಂಕಿ ಬಿದ್ದಾಗ ಎಂಬತ್ತು ಮಂದಿಯನ್ನು ಉಳಿಸಿದ್ದಕ್ಕೆ ಶೌರ್ಯ ಪದಕ ಬಂದಿತ್ತು. ಅದೇ ಬೆಂಕಿಯಲ್ಲಿ, ಅವನ ಕೈಕೆಳಗಿದ್ದ ರಜನಿಯ ತಮ್ಮ ಕಪಿಲ ತೀರಿಕೊಂಡ. ಅವನ ಟ್ರಂಕು ಮುಟ್ಟಿಸಲು ಬಂದವನು ಮತ್ತೆ ಮತ್ತೆ ಬಂದ. ಬರುವ ಸೋಮವಾರ ಇಬ್ಬರ ಮದುವೆ ನಿಶ್ಚಯ ಎಂದು ಹಿರಿಯರು ಮಾತಾಡಿಯೂ ಆಗಿತ್ತು.

ಶುಕ್ರವಾರ ಅವನು ಬಂದಾಗ ರಜನಿ ಬೇಕೆಂದೇ ನಿಲ್ಲಿಸಲಿಲ್ಲ. ಕಣ್ಣಲ್ಲೇ ನಗುತ್ತ ಧಡ್ ಧಡ್ ಎಂದು ಮಗ್ಗದ ಹಲಗೆ ಬಡಿದಳು. ಅವನು ಗೋಡೆ ಹಿಡಿದು ಕುಸಿದು ಕುಳಿತ.

"ಸಾಕ್ರಿ! ಕಪಿಲ ಹಿಂಗ ಬಡದಿದ್ದ."

ಅವಳ ಕೈ ನಿಂತಿತು.

"ಮದ್ದುಗುಂಡಿನ ಖೋಲಿ ಕಡೆ ಬೆಂಕಿ ಹೊಂಟಿತ್ತು. ಕಬ್ಬಿಣದ ಬಾಗಲಾ ಮುಚ್ಚಬೇಕಾತು. ಅವಾ ಒಳಗಿದ್ದ, ನನಗ ಗೊತ್ತಿತ್ತು. ನಾನ ಮುಚ್ಚಿದೆ. ಪದಕ ಕೊಟ್ಟಿದ್ದು ಅದಕ್ಕರಿ." ಅವನು ತಲೆ ಎತ್ತಲಿಲ್ಲ. "ಇದನ್ನ ಹೇಳದ ನಿಮ್ಮ ಕೈಗೆ ಉಂಗುರ ಹಾಕಾಕ ಆಗಂಗಿಲ್ಲ."

"ಎಷ್ಟೊತ್ತು ಬಡದಾ?"

"ಹನ್ನೆರಡು ನಿಮಿಷ."

ರಜನಿಗೆ ಚೀರಬೇಕೆನಿಸಿತು. ಅವನ ತಲೆಯನ್ನು ಎದೆಗೆ ಒತ್ತಿಕೊಳ್ಳಬೇಕೆಂದೂ ಅನಿಸಿತು, ಅದಕ್ಕೆ ತನ್ನ ಮೇಲೆಯೇ ಸಿಟ್ಟು ಬಂತು.

"ನೀವು ತಪ್ಪು ಮಾಡೀರಿ ಅನ್ನಂಗಿಲ್ರಿ. ಎಂಬತ್ತು ಮಂದಿ ಮನಿಗೆ ಬಂದ್ರು. ಆದ್ರ ನನ್ನ ಹೊಟ್ಟಿಪಾಡು ಇದ ಸದ್ದು. ಇನ್ನ ಮ್ಯಾಲೆ ಹಲಗಿ ಬಡದಾಗೊಮ್ಮೆ ನನಗೂ ಅವನ ಕೇಳಸ್ತಾನ, ನಿಮಗೂ. ಒಂದ ಮನ್ಯಾಗ ಹೆಂಗ ಇರೂದು?"

"ಸೋಮವಾರ ಬರಬ್ಯಾಡ ಅಂತೀರೇನು?"

"ಬರಬ್ಯಾಡ್ರಿ." ಅವಳು ಲಾಳಿ ಕೆಳಗಿಟ್ಟಳು. "ನಿಮ್ಮ ಮ್ಯಾಲೆ ಭಾಳ ಜೀವ ಐತ್ರಿ ನಂದು. ಅದಕ್ಕ ಹೇಳಾಕತ್ತೇನಿ."

ಅವನು ಎದ್ದು ಹೊರಟ. ನಾಳೆ ಮುಗಿಸಿಕೊಡಬೇಕಾದ ಧ್ವಜದ ಬಟ್ಟೆ ಇನ್ನೂ ಅರ್ಧ ಬಾಕಿ ಇತ್ತು. ಆದರೂ ಅವನ ಬೈಕಿನ ಸದ್ದು ಊರು ದಾಟಿ ಪೂರ್ತಿ ಅಡಗುವವರೆಗೆ ರಜನಿ ಮಗ್ಗ ಮುಟ್ಟಲಿಲ್ಲ.