ಲೇಖಕರು ನನ್ನ ಪತಿ

"ಕಟ್ಟಿಕೊಂಡ ಗಂಡನ ಅನ್ನಕ್ಕೇ ಕಲ್ಲು ಹಾಕ್ತೀಯಲ್ಲೇ!" ಅತ್ತೆ ಸಂಶೋಧನಾ ಪ್ರಬಂಧದ ಹಾಳೆಗಳನ್ನು ಮೇಜಿಗೆ ಬಡಿದರು. ಲೋಟ ಅಲುಗಿ, ಮೊದಲ ಪುಟದಲ್ಲಿದ್ದ ಮಗನ ಹೆಸರಿನ ಮೇಲೆ ಚಹಾ ಚೆಲ್ಲಿತು.

ಸೊಸೆ ಕೆಂಪು ಪೆನ್ನಿನ ಮುಚ್ಚಳ ಹಾಕಿದಳು. ಹನ್ನೊಂದು ವರ್ಷ ಗಂಡನ ಪ್ರಯೋಗಾಲಯದಲ್ಲೇ ಜೀವಕೋಶ ಬೆಳೆಸಿದವಳು ಅವಳು. ಯಕೃತ್ತಿನವೆಂದು ನಂಬಿ ಮೂರು ವರ್ಷ ಕೂಸುಗಳಂತೆ ಸಾಕಿದ ಕೋಶಗಳು, ಪರೀಕ್ಷೆ ಮಾಡಿಸಿದಾಗ ಪಕ್ಕದ ಮೇಜಿನಿಂದ ಬೆರೆತ ಬೇರೆಯವೇ ಎಂದು ತಿಳಿದುಬಂದಿತ್ತು. ಮುಚ್ಚಿಡಬಹುದಿತ್ತು... ಮುಚ್ಚಿಡಲಿಲ್ಲ. ತಾನೇ ಹೋಗಿ ಒಪ್ಪಿಕೊಂಡಳು. ಕೆಲಸವೂ ಅಲ್ಲಿಗೇ ಮುಗಿಯಿತು. ಆಮೇಲೆ ವಿಜ್ಞಾನ ಪತ್ರಿಕೆಯೊಂದರ ಸಂಪಾದಕಿಯಾದಳು. ವಾಕ್ಯ ಹೇಳುವುದೊಂದು, ಪಕ್ಕದ ಅಂಕಿ ಹೇಳುವುದು ಇನ್ನೊಂದು ಎಂದಾದರೆ ಅವಳ ಕಣ್ಣು ಅಲ್ಲೇ ನಿಲ್ಲುತ್ತಿತ್ತು. ಅತ್ತೆಯ ಬಾಯಲ್ಲಿ ಮಾತ್ರ ಅದು "ಕಾಮಾ ಹಾಕೋ ನೌಕರಿ".

ಆ ಬೆಳಿಗ್ಗೆ ಗಂಡ ಭಾಷೆ ತಿದ್ದಲು ಕೊಟ್ಟಿದ್ದ ಪ್ರಬಂಧದ ನಾಲ್ಕನೇ ಪುಟದಲ್ಲಿ ಅವಳ ಆ ಹಾಳು ಕೋಶಗಳದ್ದೇ ಚಿತ್ರವಿತ್ತು! ಕೆಳಗೆ "ಯಕೃತ್ತಿನ ಕೋಶಗಳು" ಎಂಬ ಒಕ್ಕಣೆ.

"ಈ ಮೂಲೆಯ ಗೀರು ಕೋಶದ ತಟ್ಟೆಗೆ ನನ್ನ ಚಿಮಟ ತಾಗಿ ಆಗಿದ್ದು. ಇವು ಬೇರೆ ಕೋಶ ಅಂತ ನಿಮಗೂ ಗೊತ್ತಲ್ಲ ರೀ!"

"ನನ್ನ ಚಿತ್ರ ಸರಿಯಾಗಿ ಬರ್ಲಿಲ್ಲ ಕಣೇ," ಗಂಡ ಕಿಟಕಿಯತ್ತ ತಿರುಗಿದ. "ಗೀರು ಕತ್ತರಿಸಿಬಿಡ್ತೀನಿ."

"ಗೀರು ಕತ್ತರಿಸಿದ್ರೆ ಕೋಶ ಬದಲಾಗುತ್ತಾ?"

"ತಾನು ಕೆಟ್ಟ ಕೋತಿ ವನಾನೆಲ್ಲಾ ಕೆಡಿಸ್ತಂತೆ!" ಅತ್ತೆ ಕೂಗಿದರು. "ಮುಂದಿನ ವಾರ ಇವನಿಗೆ ಮುಖ್ಯಸ್ಥನ ಹುದ್ದೆಗೆ ಸಂದರ್ಶನ. ನಿನ್ನ ಹೊಟ್ಟೆಕಿಚ್ಚಿಗೆ ಇಷ್ಟು ಸಾಲ್ದಾ?"

"ಅತ್ತೆ, ಇದನ್ನ ನಂಬಿ ನಾಳೆ ಯಾವುದೋ ರೋಗಿಗೆ ಔಷಧಿ ಕೊಟ್ರೆ..."

"ಯಾವುದೋ ರೋಗಿ! ಮನೆಯವರಿಗಿಂತ ದಾರಿಹೋಕರೇ ಹೆಚ್ಚು ನಿನಗೆ!"

ಅವಳು ಗಂಡನ ಎದುರು ನಿಂತಳು. "ಈ ಚಿತ್ರ ತೆಗೀರಿ. ಉಳಿದದ್ದು ನಾನು ಕೂತು ತಿದ್ದಿಕೊಡ್ತೀನಿ. ಯಾರಿಗೂ ಹೇಳಲ್ಲ."

ಅವನು ಕಂಪ್ಯೂಟರ್ ತೆರೆದು, ಅವಳ ಕಣ್ಣೆದುರೇ ಪ್ರಬಂಧವನ್ನು ಹೆಸರಾಂತ ಪತ್ರಿಕೆಯೊಂದಕ್ಕೆ ಕಳಿಸಿಬಿಟ್ಟ. "ಈಗ ಏನ್ ಮಾಡ್ತೀಯೋ ಮಾಡು."

ಅವಳು ಮೇಜಿನ ಇನ್ನೊಂದು ತುದಿಯಲ್ಲಿ ಕುಳಿತು ಆ ಪತ್ರಿಕೆಯ ಸಂಪಾದಕರಿಗೆ ಪತ್ರ ಬರೆದಳು. ಹಳೆಯ ಪರೀಕ್ಷಾ ವರದಿಯನ್ನೂ ಮೂಲ ಚಿತ್ರವನ್ನೂ ಲಗತ್ತಿಸಿದಳು. ಅವಳ ವೃತ್ತಿಯಲ್ಲಿ ಒಂದು ಕಟ್ಟುನಿಟ್ಟು: ದೂರು ಕೊಡುವವರು ತಮ್ಮ ಸಂಬಂಧವನ್ನು ಮೊದಲೇ ತಿಳಿಸಬೇಕು. ಆದ್ದರಿಂದ ಮೊದಲ ಸಾಲು, "ಈ ಪ್ರಬಂಧದ ಲೇಖಕರು ನನ್ನ ಪತಿ."

ಗಂಡ ಅವಳ ಹೆಗಲ ಮೇಲಿಂದ ಓದಿದ. ಅವನ ದನಿ ಹಿಮದಂತಿತ್ತು.

"ಆ ಮೊದಲ ಸಾಲು ಹೊಡೆದು ಹಾಕು. ಇದನ್ನ ಕಳಿಸಿದ್ರೆ ಅದು ಸುಳ್ಳಾಗುತ್ತೆ."

ಅವಳು ಸೆರಗಿನಿಂದ ಕಣ್ಣೊರೆಸಿಕೊಂಡು ಆ ಸಾಲನ್ನು ಇನ್ನೊಮ್ಮೆ ಓದಿದಳು.

"ಬರೆದಾಗ ನಿಜವಾಗಿತ್ತು ರೀ..." ಎಂದಳು, ಕಳಿಸಿದಳು.