ಅಡುಗೆಮನೆಯ ಬೆಚ್ಚಗಿನ ಗೋಡೆ

ಜೇವರ್ಗಿಯಲ್ಲಿ ನಾವು ಕೊಂಡ ಮನೆ ಹಳೆಯದು, ಕಲ್ಲುಮಣ್ಣಿನದು. ನಾನು ಸಿವಿಲ್ ಇಂಜಿನಿಯರ್. ಬಣ್ಣ ಬಳಿಸುವ ಮೊದಲು ಮಾಳಿಗೆ, ಗೋಡೆ, ವೈರಿಂಗ್ ಎಲ್ಲವನ್ನೂ ನಾನೇ ನೋಡಬೇಕೆಂದು ಒಂದು ಮಧ್ಯಾಹ್ನ ಅತ್ತೆ ಶಾರದಾಬಾಯಿಯವರನ್ನು ಕರೆದುಕೊಂಡು ಹೋದೆ. ಮನೆ ಗಟ್ಟಿಮುಟ್ಟಾಗಿಯೇ ಇತ್ತು. ಅಡುಗೆಮನೆಯ ಹಿಂದಿನ ಗೋಡೆ ಒಡೆದು ದೊಡ್ಡ ಕಿಟಕಿ ಇಡುವ ಆಸೆ ನನ್ನದು. ಅದರ ಮೇಲೆ ಕೈಯಿಟ್ಟರೆ, ಒಲೆಯಿಂದ ಇಳಿಸಿ ಸ್ವಲ್ಪ ಹೊತ್ತಾದ ಹಂಚಿನಂತೆ ಬೆಚ್ಚಗಿತ್ತು. ಕರೆಂಟು ಸೋರುತ್ತಿರಬಹುದೆಂದು ಮೇನ್ ಸ್ವಿಚ್ ಆರಿಸಿದೆ. ಬಿಸಿ ಹಾಗೇ ಇತ್ತು. ಹಿತ್ತಲಿಗೆ ಹೋಗಿ ಅದೇ ಗೋಡೆಯನ್ನು ಮುಟ್ಟಿದೆ. ಬೇವಿನ ನೆರಳಿನಲ್ಲಿ ಕಲ್ಲು ತಣ್ಣಗಿತ್ತು.

ಒಳಗೆ ಬಂದಾಗ ಅತ್ತೆ ಗೋಡೆಗೆ ಕಿವಿಯಿಟ್ಟು ನಿಂತಿದ್ದರು.

“ಯಾರೋ ರೊಟ್ಟಿ ಬಡ್ಯಾಕತ್ತಾರ, ಕೇಳಿಲ್ಲಿ,” ಎಂದರು.

ನನಗೂ ಕೇಳಿಸಿತು. ಒಳಗೆ ಟೊಳ್ಳಾಗಿದೆಯೇನೋ ಎಂದು ಬ್ಯಾಟರಿ ಡ್ರಿಲ್ಲಿನಿಂದ ಸಣ್ಣ ತೂತು ಕೊರೆದೆ. ಮಣ್ಣಿನ ಬದಲು ಬೆಳ್ಳನೆಯ ಪುಡಿ ಉದುರಿತು. ಅತ್ತೆ ಅದನ್ನು ಬೆರಳಲ್ಲಿ ಉಜ್ಜಿ ಮೂಸಿದರು.

“ಜ್ವಾಳದ ಹಿಟ್ಟು, ಇವತ್ತ ಬೀಸಿದ್ದು. ಒಡೀಬ್ಯಾಡ ಬಿಡು ಮನೀಷಾ. ಒಳಗ ಉಂಡು ಉಡೋ ಮನಿ ಅದ.”

ನಾನು ಡ್ರಿಲ್ ಕೆಳಗಿಟ್ಟು ಎರಡು ಹೆಜ್ಜೆ ಹಿಂದೆ ಸರಿದೆ. ಅವರ ಮುಖದಲ್ಲಿ ಮಾತ್ರ ನೆಮ್ಮದಿಯಿತ್ತು.

ಆ ಗೋಡೆಯನ್ನು ಹಾಗೇ ಬಿಟ್ಟು, ಉಳಿದ ಮನೆಗೆ ಬಣ್ಣ ಬಳಿಸಿ ಬಂದು ಸೇರಿದೆವು. ಚಳಿಗಾಲದ ಬೆಳಿಗ್ಗೆ ನಾನು, ಅತ್ತೆ, ನನ್ನ ಗಂಡ ತುಷಾರ ಮೂವರೂ ಅದಕ್ಕೆ ಬೆನ್ನು ಕೊಟ್ಟು ಚಹಾ ಕುಡಿಯುತ್ತೇವೆ. ಸುಖವಾಗಿದ್ದೇವೆ. ಸಪ್ಪಳವೂ ರೂಢಿಯಾಗಿದೆ. ಆದರೆ ಹೋದ ವಾರದಿಂದ ಒಳಗೆ ಇಬ್ಬರು ರೊಟ್ಟಿ ಬಡಿಯುತ್ತಿದ್ದಾರೆ. ಹೊಸದಾಗಿ ಬಂದವಳ ಕೈಬಳೆಗಳ ಸದ್ದೂ ಕೇಳುತ್ತದೆ.